ರವಿವಾರದ ಕಾಯಿಪಲ್ಲೆ

ಯಾರ ಮನೆಗೆ ಹೋದರೂ ಅಡುಗೆಮನೆಯ ಬಾಗಿಲ ಹಿಂದೆ ಒಮ್ಮೆ ಕಣ್ಣು ಹಾಯಿಸುವ ಕೆಟ್ಟ ಚಟ ನನಗೆ ಅಂಟಿಕೊಂಡಿದೆ. ತೊಟ್ಟಿಲ ಕಾರ್ಯಕ್ಕೆ ಕರೆದಿರಲಿ, ಹುಷಾರಿಲ್ಲದವರನ್ನು ನೋಡಲು ಹೋಗಿರಲಿ, ಮನೆಯವರು ನೀರು ತರಲು ಎದ್ದರೆ ಸಾಕು, ನನ್ನ ಕುತ್ತಿಗೆ ತಾನಾಗಿ ಆ ಕಡೆ ತಿರುಗುತ್ತದೆ. ಅಲ್ಲಿ ಮೊಳೆಗೆ ನನ್ನ ಚೀಲ ನೇತಾಡುತ್ತಿದೆಯೇ ಎಂದು ನೋಡುತ್ತೇನೆ. ಬಹಳ ಸಲ ನೇತಾಡುತ್ತಿರುತ್ತದೆ. ಒಬ್ಬರು ಅದರಲ್ಲಿ ಉಳ್ಳಾಗಡ್ಡಿ ತುಂಬಿಟ್ಟಿದ್ದರು. ಇನ್ನೊಬ್ಬರು ಮಗುವಿನ ಆಟಿಕೆ ಹಾಕಿದ್ದರು. ಮತ್ತೊಬ್ಬರ ಮನೆಯಲ್ಲಿ ಎರಡು ಚೀಲ ಬಿಚ್ಚಿ, ಸೇರಿಸಿ ಹೊಲಿದು, ಗ್ಯಾಸ್ ಸಿಲಿಂಡರಿಗೆ ಲಂಗ ತೊಡಿಸಿದ್ದರು. ಚೆನ್ನಾಗಿಯೇ ಕಾಣುತ್ತಿತ್ತು, ಸುಳ್ಳು ಹೇಳಬಾರದು.

ಆ ಚೀಲಗಳನ್ನು ಹೊಲಿದವಳು ನಾನು. ಪ್ಲಾಸ್ಟಿಕ್ ಬೇಡವೇ ಬೇಡ ಎಂದು ನನ್ನ ಗಂಡ ಹಟ ಹಿಡಿದಾಗ ಅವ್ವನ ಹಳೆಯ ಸೀರೆಗಳನ್ನು ಕತ್ತರಿಸಿ, ದಸರಾ ರಜೆಯನ್ನೆಲ್ಲ ಮಿಷನ್ನಿನ ಮುಂದೆ ಕಳೆದು, ಅರವತ್ತು ಚೀಲ ಹೊಲಿದೆ. ರವಿವಾರ ಕಾಯಿಪಲ್ಲೆ ತುಂಬಿದ ಚೀಲ ಕೊಡುವುದು, ಮುಂದಿನ ರವಿವಾರ ಖಾಲಿ ಚೀಲ ಇಸಿದುಕೊಂಡು ತುಂಬಿದ್ದು ಕೊಡುವುದು. ಕೇಳಲು ಎಷ್ಟು ಸರಳವಾಗಿದೆ ನೋಡಿ. "ಒಗಿಯಾಕ ಹಾಕೀನ್ರಿ" ಎನ್ನುತ್ತಾರೆ. "ನಮ್ಮ ಮನಿಯವ್ರು ಡ್ಯೂಟಿಗೆ ಒಯ್ದಾರ್ರಿ" ಎನ್ನುತ್ತಾರೆ. "ಯಾವ ಚೀಲ?" ಎಂದು ಕೇಳುವವರೂ ಇದ್ದಾರೆ. ಹಾಗೆ ಕೇಳುವವರ ಬೆನ್ನ ಹಿಂದೆಯೇ ಅವ್ವನ ಹಸಿರು ಚುಕ್ಕಿ ಸೀರೆ ಮೊಳೆಯಲ್ಲಿ ಕುಳಿತು ನನ್ನನ್ನೇ ನೋಡುತ್ತಿರುತ್ತದೆ. ನೀವೂ ನಮ್ಮ ಗಿರಾಕಿಯಾಗಿದ್ದರೆ ಇಲ್ಲಿಗೆ ಓದು ನಿಲ್ಲಿಸಿ, ಒಮ್ಮೆ ಎದ್ದು ನೋಡಿಬನ್ನಿ. ನಾನು ಕಾಯುತ್ತೇನೆ.

ಇದಕ್ಕೆಲ್ಲ ಕಾರಣ ನನ್ನ ಗಂಡ ಶಿವರಾಜ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆದಾರರ ಕೈಕೆಳಗೆ ಎಲೆಕ್ಟ್ರಿಷಿಯನ್ ಆಗಿದ್ದರು. ನಾನು ರಾಯಚೂರಿನ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತೆ. ಇಬ್ಬರೂ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೋಗಿ ಸಂಜೆ ಬರುವವರು; ಹೇಳಿಕೊಳ್ಳುವಂಥ ಕಷ್ಟವೂ ಇರಲಿಲ್ಲ, ಸುಖವೂ ಇರಲಿಲ್ಲ. ಹೀಗಿರುವಾಗ ಅವರ ಗುತ್ತಿಗೆಯ ಅವಧಿ ಮುಗಿದು, ಹೊಸದು ಶುರುವಾಗಲು ಒಂದು ತಿಂಗಳು ಬಿಡುವು ಸಿಕ್ಕಿತು. ಸುಮ್ಮನೆ ಮನೆಯಲ್ಲಿ ಮಲಗಬಹುದಿತ್ತು. ದೇವದುರ್ಗದಲ್ಲಿ ಸಾವಯವ ಕೃಷಿಯ ಬಗ್ಗೆ ಐದು ದಿನದ ತರಬೇತಿ ಇದೆಯಂತೆ, ಹೇಗೂ ಅಕ್ಕನ ಮನೆ ಅಲ್ಲೇ ಇದೆ ಎಂದು ಹೊರಟರು. ಹೋಗುವಾಗ ಎಲೆಕ್ಟ್ರಿಷಿಯನ್ ಆಗಿ ಹೋದವರು ಬರುವಾಗ ರೈತರಾಗಿ ಬಂದರು.

ಅಂದಿನಿಂದ ನೆಮ್ಮದಿಯಾಗಿ ಒಂದು ತುತ್ತು ತಿಂದಿದ್ದರೆ ಕೇಳಿ. ತಾಟಿನಲ್ಲಿ ಬದನೆಕಾಯಿ ಎಣ್ಣೆಗಾಯಿ ಬಡಿಸಿದರೆ, "ಇದಕ್ಕ ಎಷ್ಟು ಸಲ ಎಣ್ಣಿ ಹೊಡದಿರ್ತಾರ ಗೊತ್ತೇನು ಸುಜಾತಾ?" ಎನ್ನುವರು. ಒಗ್ಗರಣೆಯ ಎಣ್ಣೆಯಲ್ಲ ಅದು. ಹೊಲಕ್ಕೆ ಹೊಡೆಯುವ ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣಿ ಎಂದೇ ಹೆಸರು. ಹೂಕೋಸು ತಂದರೆ ಅದರ ಎಣ್ಣಿಯ ಲೆಕ್ಕ, ಮೆಣಸಿನಕಾಯಿ ತಂದರೆ ಅದರ ಎಣ್ಣಿಯ ಲೆಕ್ಕ. ಕಡೆಗೆ ಒಂದು ದಿನ ನಾನೇ ರೇಗಿ, "ಹಂಗಾದ್ರ ನೀವ ಬೆಳದು ತರ್ರಿ, ನಾ ಅಡಗಿ ಮಾಡ್ತೀನಿ" ಎಂದುಬಿಟ್ಟೆ. ಸಿಟ್ಟಿನಲ್ಲಿ ಆಡಿದ ಮಾತನ್ನು ಒಪ್ಪಿಗೆ ಎಂದು ತಿಳಿಯುವ ಗಂಡಸರೊಂದಿಗೆ ಬಾಳುವೆ ಮಾಡುವುದು ಕಷ್ಟ.

ಬೆಳೆಯಲು ಹೊಲ ಬೇಕಲ್ಲ. ಹೊಲ ಇದ್ದದ್ದು ನನ್ನ ಅವ್ವನ ಹೆಸರಲ್ಲಿ, ಮಾನ್ವಿ ತಾಲೂಕಿನ ಬಾಗಲವಾಡದ ಹತ್ತಿರ, ಎರಡು ಎಕರೆ. ಅವ್ವ ಜೀವನವೆಲ್ಲ ಕೂಲಿ ಮಾಡಿದವಳು. ಭೂಮಿ ಇಲ್ಲದ ಕೂಲಿ ಹೆಣ್ಣುಮಕ್ಕಳಿಗೆ ಸರ್ಕಾರ ಜಮೀನು ಕೊಡಿಸುವ ಯೋಜನೆಯಲ್ಲಿ ಸಿಕ್ಕ ಹೊಲ ಅದು. ಪಹಣಿಯಲ್ಲಿ ತನ್ನ ಹೆಸರು ಬಂದ ದಿನ ಆ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಿ ಬುದ್ಧನ ಪಟದ ಪಕ್ಕದಲ್ಲಿ ತೂಗುಹಾಕಿದ್ದಾಳೆ. ಓದಲು ಬರುವುದಿಲ್ಲ, ಆದರೆ ತನ್ನ ಹೆಸರು ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಾಳೆ. ತಮ್ಮನ ಸಂಸಾರದ ಜೊತೆ ಊರಲ್ಲೇ ಇದ್ದಾಳೆ. ಹೊಲವನ್ನು ಹತ್ತಿ ಹಾಕುವವರಿಗೆ ಪಾಲಿಗೆ ಕೊಟ್ಟಿದ್ದಳು.

ನಾವು ಹೋಗಿ ಕೇಳಿದಾಗ ಅವಳು ಅಂಗಳದಲ್ಲಿ ಕುಳಿತು ತೊಗರಿ ಹಸನು ಮಾಡುತ್ತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ.

"ನಿನ್ನ ಕಾಲೇಜು ಕಲಸಿದ್ದು ಮತ್ತ ಮಣ್ಣು ಕೆದರಾಕೇನು ಬೇ?"

"ನಾ ಅಲ್ಲ ಯವ್ವ, ನಿನ್ನ ಅಳಿಯ" ಎಂದೆ.

"ಎಣ್ಣಿ ಹೊಡಿಯಂಗಿಲ್ರಿ ಅತ್ತಿ. ಯೂರಿಯಾ ಗೀರಿಯಾ ಸರ್ಕಾರಿ ಗೊಬ್ಬರನೂ ಹಾಕಂಗಿಲ್ಲ" ಎಂದು ಇವರು ಉತ್ಸಾಹದಿಂದ ಹೇಳಿದರು.

ಅವ್ವ ಮೊರ ಕೆಳಗಿಟ್ಟು ಅಳಿಯನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಜ್ವರ ಬಂದಿದೆಯೇ ಎಂದು ನೋಡುವ ಹಾಗೆ. "ಎಣ್ಣಿ ಇಲ್ದ ಬದನಿಕಾಯಿ ಬೆಳೀತಾನಂತ! ಹುಳ ಬಂದು ನಿನ್ನ ಜೋಡಿ ಊಟಕ್ಕ ಕುಂದ್ರತಾವ ಯಪ್ಪಾ." ಆಮೇಲೆ ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡು, "ಅರ್ಧ ಎಕರೆ ತಗೋರಿ. ಹಾಳಾದ್ರ ಅರ್ಧ ಎಕರೆನ ಹಾಳಾಗ್ಲಿ" ಎಂದಳು.

ಇವರಿಗೆ ಅಷ್ಟೇ ಸಾಕಾಗಿತ್ತು. ಮೊದಲು ಬೇಕಾದದ್ದು ಜೀವಾಮೃತವಂತೆ. ಸಗಣಿ, ಗೋಮೂತ್ರ, ಬೆಲ್ಲ, ಕಡಲೆ ಹಿಟ್ಟು, ಹಿಡಿ ಮಣ್ಣು ಕಲಸಿ ಕೊಳೆಸಿದ ರಸಕ್ಕೆ ಇಷ್ಟು ದೊಡ್ಡ ಹೆಸರು. ಗೋಮೂತ್ರವೂ ಎಂಥೆಂಥದ್ದೋ ನಡೆಯುವುದಿಲ್ಲ, ನಾಟಿ ಆಕಳದೇ ಆಗಬೇಕು. ನಾಟಿ ಆಕಳು ಇದ್ದದ್ದು ದೇವದುರ್ಗದಲ್ಲಿ, ಇವರ ಅಕ್ಕನ ಮನೆಯಲ್ಲಿ. ಅಲ್ಲಿ ಒಂದು ಸೀಮಂತಕ್ಕೆ ಹೋಗಿ ಬರುವಾಗ, ನಾನು ರೇಷ್ಮೆ ಸೀರೆಯಲ್ಲಿದ್ದೇನೆ ಎನ್ನುವುದನ್ನೂ ಲೆಕ್ಕಿಸದೆ, ಐದು ಲೀಟರಿನ ಕ್ಯಾನು ತುಂಬಿಸಿ ಬಸ್ಸಿಗೆ ಹತ್ತಿಸಿದರು.

ಕಂಡಕ್ಟರ್ ಕೇಳಿದ: "ಏನ್ರೀ ಕ್ಯಾನಿನಾಗ?"

"ಹೊಲಕ್ಕ ಹಾಕೋ ಔಷಧಿರೀ."

ಅಷ್ಟಕ್ಕೇ ಬಿಟ್ಟಿದ್ದ. ಆದರೆ ರಸ್ತೆಯ ತಗ್ಗುಗಳು ಬಿಡಬೇಕಲ್ಲ. ನಾಲ್ಕನೆಯ ತಗ್ಗಿಗೆ ಕ್ಯಾನಿನ ಮುಚ್ಚಳ ಸಡಿಲಾಯಿತು. ಪಕ್ಕದಲ್ಲಿದ್ದ ಮುದುಕರು ಮರ್ಯಾದೆಯಿಂದಲೇ ಹೇಳಿದರು: "ತಮ್ಮಾ, ನಿನ್ನ ಮಜ್ಜಿಗಿ ಸೋರಾಕತ್ತದ ನೋಡು." ಕಂಡಕ್ಟರ್ ಬಂದ, ಮೂಸಿದ, ಸೀಟಿ ಊದಿದ. ನಡುದಾರಿಯಲ್ಲಿ, ಜಾಲಿಗಿಡಗಳ ನಡುವೆ, ರೇಷ್ಮೆ ಸೀರೆ ಉಟ್ಟು, ಮುಡಿಯಲ್ಲಿ ಮಲ್ಲಿಗೆ ಇಟ್ಟು, ಗೋಮೂತ್ರದ ಕ್ಯಾನಿನ ಪಕ್ಕದಲ್ಲಿ ನಾನು ಮುಂದಿನ ಬಸ್ಸಿಗಾಗಿ ಕಾದೆ. ಇವರು ಕ್ಯಾನನ್ನು ಎತ್ತಿ ಹಿಡಿದು ನೋಡಿ, "ಚಿಂತಿಲ್ಲ, ಇನ್ನೂ ಮೂರೂವರೆ ಲೀಟರ್ ಅದ" ಎಂದರು. ಸಮಾಧಾನಪಡಿಸುವ ಅವರ ರೀತಿ ಅದು.

ಆ ಮೂರೂವರೆ ಲೀಟರು ಹೋಗಿ ಸೇರಿದ್ದು ರಾಯಚೂರಿನ ನಮ್ಮ ಬಾಡಿಗೆ ಮನೆಯ ಮಾಳಿಗೆಯ ಮೇಲೆ, ನೀಲಿ ಡ್ರಮ್ಮಿನೊಳಗೆ. ಮೊದಲು ಮನೆಯಲ್ಲೇ ಮಾಡಿ ಕಲಿಯಬೇಕಂತೆ. ನಾಲ್ಕನೆಯ ದಿನ ಕೆಳಗಿನ ಮನೆಯ ಶಮೀಮ್ ಆಪಾ ಮೆಟ್ಟಿಲು ಹತ್ತಿ ಬಂದರು. ಅವರೇ ಮನೆಯ ಮಾಲೀಕರು, ಬಹಳ ಒಳ್ಳೆಯ ಹೆಂಗಸು. ದುಪಟ್ಟಾದಿಂದ ಮೂಗು ಮುಚ್ಚಿಕೊಂಡಿದ್ದರು.

"ಬೇಟಿ, ಮ್ಯಾಲೇನು ಎಮ್ಮಿ ಕಟ್ಟೀರೇನು?"

ನಾನು ನೆಲ ನೋಡಿದೆ. ಇವರು ಡ್ರಮ್ಮಿನ ಮುಚ್ಚಳ ತೆಗೆದು ತೋರಿಸಿದರು. "ಇದರಾಗ ಕೋಟಿಗಟ್ಲೆ ಜೀವ ಅದಾವ್ರಿ ಆಪಾ."

"ಯಾ ಅಲ್ಲಾ! ಹಂಗಾದ್ರ ಅವ್ರೂ ಬಾಡಿಗಿ ಕೊಡ್ಬೇಕಲ್ಲ?"

ಮರುದಿನವೇ ಡ್ರಮ್ಮು ಬಾಗಲವಾಡಕ್ಕೆ ಹೋಯಿತು. ಅದರ ಹಿಂದೆಯೇ ಇವರೂ ಹೋದರು. ಹೊಸ ಗುತ್ತಿಗೆ ಶುರುವಾದರೂ ಕೆಲಸಕ್ಕೆ ಮರಳಲಿಲ್ಲ. ವಾರದಲ್ಲಿ ನಾಲ್ಕು ದಿನ ಹೊಲದಲ್ಲಿ, ಮೂರು ದಿನ ಮನೆಯಲ್ಲಿ. ಪುಂಡಿಪಲ್ಲೆ, ಪಾಲಕ, ಮೆಂತ್ಯೆ, ರಾಜಗಿರಿ, ಚವಳಿಕಾಯಿ, ಹೀರೇಕಾಯಿ, ಮುಳ್ಳುಬದನೆ ಎಲ್ಲ ಹಾಕಿದರು. ಅವ್ವ ದಿನಾ ಮುಂಜಾನೆ ಹೊಲಕ್ಕೆ ಬರುತ್ತಿದ್ದಳು. ಅಳಿಯನ ಬೇಸಾಯ ನೋಡಿ ನಗಲು ಬರುತ್ತೇನೆ ಎಂದು ಊರಿಗೆಲ್ಲ ಹೇಳಿಕೊಂಡಿದ್ದಳು. ಬಂದವಳು ಸುಮ್ಮನೆ ನಿಲ್ಲಲಾಗದೆ ಕಳೆ ಕೀಳುವಳು, ನೀರು ತಿರುವುವಳು, ಸಾಲು ಬಾಗಿದೆ ಎಂದು ಬಯ್ಯುವಳು. ಮಧ್ಯಾಹ್ನ ಮನೆಗೆ ಹೋಗಿ, ಇವತ್ತೂ ನಕ್ಕು ಬಂದೆ ಎನ್ನುವಳು.

ಬೆಳೆ ಬಂತು. ಅದೇ ದೊಡ್ಡ ತಾಪತ್ರಯವಾಯಿತು. ಬಾರದೆ ಇದ್ದಿದ್ದರೆ ಇವರು ಮರಳಿ ಶಕ್ತಿನಗರಕ್ಕೆ ಹೋಗುತ್ತಿದ್ದರು, ನಾನು ರವಿವಾರ ಎಂಟಕ್ಕೆ ಏಳುತ್ತಿದ್ದೆ. ಈಗ ಶನಿವಾರ ಸಂಜೆ ಕೊಯ್ದು, ಹಳೆಯ ವ್ಯಾನಿನಲ್ಲಿ ರಾಯಚೂರಿಗೆ ತಂದು, ರವಿವಾರ ಬೆಳಿಗ್ಗೆ ಚೀಲ ತುಂಬಿ, ಮೊದಲು ನಮ್ಮ ಬಡಾವಣೆ, ಆಮೇಲೆ ಶಕ್ತಿನಗರದ ಕ್ವಾರ್ಟರ್ಸು. ಇವರ ಹಳೆಯ ಪರಿಚಯದ ಮನೆಗಳೇ ಅಲ್ಲಿ ನಮ್ಮ ಮೊದಲ ಗಿರಾಕಿಗಳು. ಅವರನ್ನೆಲ್ಲ ಕೂಡಿಸಿ ಫೋನಿನಲ್ಲಿ ಒಂದು ಗ್ರೂಪು ಮಾಡಿದೆ. ಗುಮಾಸ್ತೆಯಲ್ಲವೇ, ಪಟ್ಟಿ ಮಾಡುವ ಹುಚ್ಚು. ಗ್ರೂಪು ಮಾಡಿದ ಆ ಬೆರಳನ್ನು ಈಗ ಕಚ್ಚಿಕೊಳ್ಳಬೇಕೆನಿಸುತ್ತದೆ.

"ಖಾರ ಕಡಿಮೆ ಇರುವ ಹಸಿಮೆಣಸಿನಕಾಯಿ ಇದ್ದರೆ ಮಾತ್ರ ಕಳಿಸಿ" ಎಂದು ಒಬ್ಬರು ಬರೆದರು. ಒಂದೊಂದೇ ಕಚ್ಚಿ ನೋಡಿ ಕಳಿಸಲೇ ಎಂದು ಬರೆದು ಅಳಿಸಿದೆ. "ಹೀರೇಕಾಯಿ ಎಲ್ಲ ಒಂದೇ ಉದ್ದ ಇರಲಿ." "ಪಾಲಕದ ಎಲೆಯಲ್ಲಿ ಬರೀ ತೂತು." ಒಬ್ಬ ಮಹಾತಾಯಿ ಹೂಕೋಸಿನೊಳಗಿನ ಹಸಿರು ಹುಳದ ಚಿತ್ರ ತೆಗೆದು, ಅದಕ್ಕೆ ಕೆಂಪು ಸುತ್ತು ಹಾಕಿ, ಬೆಳಿಗ್ಗೆ ಐದೂವರೆಗೆ ಎಲ್ಲರಿಗೂ ಕಾಣುವಂತೆ ಹಾಕಿದರು. ನಾನು ಕ್ಷಮೆ ಕೇಳುವ ಮೊದಲೇ ಇವರು ಉತ್ತರ ಬರೆದಾಗಿತ್ತು: "ಅಭಿನಂದನೆಗಳು ಮೇಡಂ. ಹುಳ ಜೀವಂತ ಇದೆ ಎಂದರೆ ವಿಷ ಇಲ್ಲ ಎಂದೇ ಅರ್ಥ." ಆ ಮೇಡಂ ಆಮೇಲೆ ಆರು ವಾರ ಹೂಕೋಸು ಕೇಳಲಿಲ್ಲ.

ಹೀಗೆ ಬಯ್ಯುತ್ತಾ ಬಯ್ಯುತ್ತಾ ಮನೆಗಳು ನಲವತ್ತಾದವು. ಅವ್ವ ಉಳಿದ ಒಂದೂವರೆ ಎಕರೆಯನ್ನೂ ಪಾಲಿನಿಂದ ಬಿಡಿಸಿ ನಮ್ಮ ಕೈಗೆ ಕೊಟ್ಟಳು.

ಆ ಶನಿವಾರದ ಮಾತಿಗೆ ಬರುತ್ತೇನೆ. ಅರ್ಧ ದಿನದ ಕಚೇರಿ ಮುಗಿಸಿ ಬಸ್ಸಿನಲ್ಲಿ ಮಾನ್ವಿಗೆ ಹೋದೆ. ಪ್ರತಿ ಸಲ ಸ್ಟ್ಯಾಂಡಿನಲ್ಲಿ ಬೈಕು ಹಿಡಿದು ಕಾಯುತ್ತಿದ್ದ ಇವರು ಅಂದು ಕಾಣಲಿಲ್ಲ. ಫೋನೂ ಎತ್ತಲಿಲ್ಲ. ಬಯ್ಯಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಳ್ಳುತ್ತಾ ಹೊಲದ ದಾರಿಯವರೆಗೆ ಆಟೋದಲ್ಲಿ ಹೋಗಿ, ಅಲ್ಲಿಂದ ನಡೆದೆ. ನೋಡಿದರೆ ಇವರು ಬದುವಿನ ಮೇಲೆ ಕುಳಿತಿದ್ದಾರೆ. ಅವ್ವ ಪಾಲಕದ ಮಡಿಯ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ.

ನಮ್ಮ ಹೊಲಕ್ಕೆ ಅಂಟಿಕೊಂಡೇ ಸುಬ್ಬಯ್ಯ ಎನ್ನುವವರ ಭತ್ತದ ಗದ್ದೆ. ಆಂಧ್ರದ ಕಡೆಯಿಂದ ಬಂದು ನೆಲೆಸಿದ ಕ್ಯಾಂಪಿನವರು, ತೆಲುಗು ಮಾತಿನವರು, ನಮ್ಮೊಂದಿಗೆ ಎಂದೂ ಜಗಳ ಆಡಿದವರಲ್ಲ. ಆವತ್ತು ಬೆಳಿಗ್ಗೆ ಎಣ್ಣಿ ಹೊಡೆಯಲು ಅವರು ಡ್ರೋನ್ ತರಿಸಿದ್ದರು. ಈಗ ಎಲ್ಲರೂ ಅದನ್ನೇ ತರಿಸುತ್ತಾರೆ. ಡ್ರೋನು ಬದುವಿನ ಮೇಲೆ ತಿರುಗುವಾಗ ನಮ್ಮ ಕಡೆ ದಾಟಿ, ಹಸಿರುಪಲ್ಲೆಯ ಮಡಿಗಳ ಮೇಲೆ ಹಾದು ಹೋಗಿತ್ತು. ಗಾಳಿಯೂ ನಮ್ಮ ಕಡೆಗೇ ಇತ್ತು. ಇವರು ಊರಲ್ಲಿ ಟಿಫಿನ್ ಮಾಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸುಬ್ಬಯ್ಯ ಓಡಿ ಬಂದರು. "ಅಮ್ಮಾ, ಬೇಕಂತ ಮಾಡಿಲ್ಲಮ್ಮಾ. ಅದು ನಡೆಸೋನಿಗೆ ಬಾರ್ಡರ್ ಗೊತ್ತಾಗಿಲ್ಲ. ನಾವೆಲ್ಲ ದಿನಾ ತಿನ್ನೋದೇ ಅಲ್ವಾ ಅಮ್ಮಾ, ಏನೂ ಆಗಲ್ಲ."

ಅವರು ಹೋದ ಮೇಲೆ ನಾನು ಎಲೆ ಮುಟ್ಟಿ ನೋಡಿದೆ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಎಂದೂ ಇಲ್ಲದಷ್ಟು ಚಂದ ಬೆಳೆದಿತ್ತು ಆ ವಾರದ ಪಾಲಕ. ಒಂದು ತೂತಿಲ್ಲ. ನನ್ನ ಕೈಚೀಲದಲ್ಲಿ ನಲವತ್ತು ಮನೆಗಳ ಪಟ್ಟಿ ಇತ್ತು, ಮೂವತ್ತೈದು ಮನೆಯವರು ಹಸಿರುಪಲ್ಲೆ ಕೇಳಿದ್ದರು.

ಈಗ ನಿಮ್ಮ ಮುಂದೆ ಹೇಳಲು ನಾಚಿಕೆಯಾಗುತ್ತದೆ, ಆದರೆ ಮೊದಲು ಬಾಯಿ ಬಿಟ್ಟವಳು ನಾನೇ.

"ಉಪ್ಪುನೀರಾಗ ತೊಳದು ಕಳಸೋಣ್ರಿ. ಮಾರ್ಕೆಟಿನಾಗ ಎಲ್ಲಾರೂ ಇದನ್ನ ಕೊಂಡು ತಿಂತಾರಲ್ಲ."

ಇವರು ಸಿಡಿಯುತ್ತಾರೆಂದುಕೊಂಡೆ. ಸಿಡಿಯಲಿಲ್ಲ. ನೆಲ ಕೆದರುತ್ತಾ, "ಆ ಕಡಿ ಮಡಿಗೆ ಅಷ್ಟಾಗಿ ಬಿದ್ದಿಲ್ಲ ಅನ್ನಸ್ತದ. ಗಾಳಿ ಒಂದೀಟು ತಿರಗಿತ್ತೋ ಏನೋ" ಎಂದರು. ಅವರ ದನಿ ಕೇಳಿ ನನಗೆ ಗಾಬರಿಯಾಯಿತು. ಊಟದ ತಾಟಿನ ಮುಂದೆ ಇಷ್ಟು ದಿನ ಭಾಷಣ ಮಾಡಿದ ಮನುಷ್ಯ ಇವರೇನಾ? ಇಷ್ಟು ಕಷ್ಟಪಟ್ಟು ಕಟ್ಟಿದ್ದನ್ನೆಲ್ಲ ಬಿಟ್ಟುಬಿಡಬೇಕಾದೀತೆಂದು ನನಗಿಂತ ಹೆಚ್ಚು ಅವರು ಹೆದರಿದ್ದರು.

ಅವ್ವ ನಮ್ಮಿಬ್ಬರ ಮಾತನ್ನೂ ಕೇಳಿಸಿಕೊಂಡಳು. ಬಾಗಿ ಒಂದು ಎಲೆ ಕಿತ್ತು, ಅಂಗೈಯಲ್ಲಿ ಉಜ್ಜಿ ಮೂಸಿದಳು. ಹತ್ತು ಹೆಜ್ಜೆ ನಡೆದು ಇನ್ನೊಂದು ಮೂಸಿದಳು. ಮೆಂತ್ಯೆ ಮೂಸಿದಳು, ರಾಜಗಿರಿ ಮೂಸಿದಳು. ಬದನೆಯ ಸಾಲಿನ ಕೊನೆಯವರೆಗೂ ಹೋಗಿ ಬಂದಳು.

"ಬಿದ್ದದ. ಎಲ್ಲಾದಕ್ಕೂ ಬಿದ್ದದ. ಕಿತ್ತು ಹುಗೀರಿ. ಆಡಿಗೂ ಹಾಕಬ್ಯಾಡ್ರಿ."

"ಯವ್ವ, ತೊಳದ್ರ..." ಎಂದೆ.

ಅವ್ವ ನನ್ನ ಮುಖ ನೋಡಿದಳು. "ಎಣ್ಣಿ ಹೊಡದ ದಿನ ನಿನ್ನ ಮುಟ್ಟತಿದ್ದಿಲ್ಲ ನಾ. ನನ್ನ ಕೂಸು ನೀ, ಅಳಕೋತ ಬಂದ್ರೂ ಮುಟ್ಟತಿದ್ದಿಲ್ಲ. ಈಗ ಮಂದಿ ಕೂಸಿಗೆ ತಿನ್ನಸಂತೀಯೇನು?"

ನಾನು ಅಲ್ಲೇ ಬದುವಿನ ಮೇಲೆ ಕುಳಿತೆ. ನನಗೆ ಐದಾರು ವರ್ಷವಿದ್ದಾಗಿನ ಮಾತು. ಎಣ್ಣಿ ಹೊಡೆದರೆ ಗಂಡಾಳಿನಷ್ಟು ಕೂಲಿ ಸಿಗುತ್ತದೆ ಎಂದು ಅವ್ವ ಪಂಪನ್ನು ತಾನೇ ಬೆನ್ನಿಗೆ ಏರಿಸಿಕೊಂಡು ಮಂದಿಯ ಹತ್ತಿ ಹೊಲಗಳಲ್ಲಿ ತಿರುಗುತ್ತಿದ್ದಳು. ಕೆಲವು ಸಂಜೆ ಅವಳು ಮನೆಗೆ ಬಂದಾಗ ನಾನು ಓಡಿಹೋಗಿ ಕಾಲು ತಬ್ಬಿಕೊಳ್ಳುತ್ತಿದ್ದೆ, ಅವಳ ಉಡಿಯಲ್ಲಿ ಶೇಂಗಾ ಇರುತ್ತಿತ್ತು. ಇನ್ನು ಕೆಲವು ಸಂಜೆ ದೂರದಿಂದಲೇ "ಸರೀ ಅತ್ತಾಗ! ಮುಟ್ಟಬ್ಯಾಡ!" ಎಂದು ಕೂಗುತ್ತಾ ಮನೆಯ ಹಿಂದಕ್ಕೆ ಹೋಗುವಳು. ಕೊಡಗಟ್ಟಲೆ ನೀರು ಸುರಿದುಕೊಳ್ಳುವ ಸದ್ದು ಕೇಳುತ್ತಿತ್ತು. ಮಿಂದು ಬಂದರೂ ಆ ರಾತ್ರಿ ನನ್ನನ್ನು ಅಜ್ಜಿಯ ಮಗ್ಗುಲಲ್ಲಿ ಮಲಗಿಸುತ್ತಿದ್ದರು. ಅವತ್ತು ನಾನು ಏನು ತಪ್ಪು ಮಾಡಿದೆ ಎಂದು ಕೌದಿಯೊಳಗೆ ಯೋಚಿಸುತ್ತಿದ್ದೆ. ಹಾಲು ಚೆಲ್ಲಿದೆನೇ, ಮಣ್ಣು ತಿಂದೆನೇ ಎಂದು ಒಂದೊಂದಾಗಿ ನೆನೆಸಿಕೊಳ್ಳುತ್ತಿದ್ದೆ. ಅವ್ವನಿಗೆ ಒಮ್ಮೊಮ್ಮೆ ನಾನು ಬೇಡವಾಗುತ್ತೇನೆ ಎಂದು ಹೇಗೋ ತಿಳಿದುಕೊಂಡು ಹಾಗೇ ಬೆಳೆದೆ. ಕೇಳಲಿಲ್ಲ. ಇಂಥದ್ದನ್ನೆಲ್ಲ ಕೇಳುವ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ.

"ಹಂಗಂತ ಆವಾಗ ಹೇಳಬಾರದೇನು ಯವ್ವ?" ಎಂದೆ.

"ಏನಂತ ಹೇಳ್ಲಿ? ಬೇಗ ಬೇಗ ಕೀಳು, ಹೊತ್ತು ಹೊಂಟದ" ಎಂದು ಅವಳು ಆಗಲೇ ಬಗ್ಗಿದ್ದಳು.

ಮೂವರೂ ಸೇರಿ ಕಿತ್ತೆವು. ಇವರು ಹೊಲದ ಮೂಲೆಯಲ್ಲಿ ಗುಂಡಿ ತೋಡಿದರು. ಅಷ್ಟು ಒಳ್ಳೆಯ ಪಾಲಕವನ್ನು ಗುಂಡಿಗೆ ಹಾಕುವಾಗ ಡ್ರೋನಿನ ಮೇಲೆ, ಸುಬ್ಬಯ್ಯನ ಮೇಲೆ, ದೇವದುರ್ಗದ ತರಬೇತಿಯ ಮೇಲೆ, ಬಾಯಿಬಿಟ್ಟು ಬೆಳೆಯಿರೆಂದ ನನ್ನ ನಾಲಿಗೆಯ ಮೇಲೆ ಸಿಟ್ಟು ಬಂತು. ಆದರೆ ಕಿತ್ತೆ.

ಇನ್ನು ಗಿರಾಕಿಗಳಿಗೆ ತಿಳಿಸಬೇಕಿತ್ತು. ಹೊಲದಲ್ಲೇ ಕುಳಿತು ಫೋನು ತೆಗೆದು, "ಅನಿವಾರ್ಯ ಕಾರಣಗಳಿಂದ ಈ ರವಿವಾರ ಕಾಯಿಪಲ್ಲೆ ಇರುವುದಿಲ್ಲ" ಎಂದು ಬರೆದೆ. ಕಚೇರಿಯಲ್ಲಿ ನೂರಾರು ಸಲ ಬರೆದ ಸಾಲು, ಬೆರಳಿಗೆ ಬಾಯಿಪಾಠ. ಅವ್ವ ಕೈ ತೊಳೆದುಕೊಂಡು ಬಂದು, "ಏನು ಬರದಿ, ಓದು" ಎಂದಳು. ಓದಿದೆ.

"ಅನಿವಾರ್ಯ ಅಂದ್ರೇನು?"

"ಏನೋ ತೊಂದರಿ ಆಗ್ಯಾದ ಅಂತ."

"ಏನು ತೊಂದರಿ ಅಂತ ಬರಿ."

"ಅದನ್ನೆಲ್ಲ ಬರದ್ರ ಮಂದಿ ಬಿಟ್ಟುಹೋಗ್ತಾರ ಯವ್ವ."

"ಹೋಗೋರು ಹೋಗ್ಲಿ. ಬರಿ."

ಇವರ ಕಡೆ ನೋಡಿದೆ. ಇವರು ತಲೆಯಾಡಿಸಿದರು. ಬರೆದೆ. ಪಕ್ಕದ ಗದ್ದೆಗೆ ಹೊಡೆದ ಔಷಧಿ ನಮ್ಮ ಬೆಳೆಯ ಮೇಲೆ ಬಿದ್ದಿದೆ, ಎಲ್ಲವನ್ನೂ ಕಿತ್ತು ಹಾಕಿದ್ದೇವೆ, ಹೊಸ ಬೆಳೆ ಬರುವವರೆಗೆ ಏನನ್ನೂ ಕೊಡುವುದಿಲ್ಲ, ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇವೆ ಎಂದು ಬರೆದು ಕಳಿಸಿ ಫೋನನ್ನು ಉಡಿಯಲ್ಲಿ ಬಚ್ಚಿಟ್ಟುಕೊಂಡೆ.

ಉತ್ತರಗಳು ಬಂದವು. ಕೆಲವರು ಹೆಬ್ಬೆರಳು ಎತ್ತಿದರು. ಕೆಲವರು ಕೈ ಮುಗಿದರು. ಒಬ್ಬರು ಪೂರ್ತಿ ಓದದೆ, "ಸರಿ, ನಾಳೆ ಕೊತ್ತಂಬರಿ ಎರಡು ಕಟ್ಟು ಹೆಚ್ಚಿಗೆ ಇರಲಿ" ಎಂದರು. ಇನ್ನೊಬ್ಬರು, "ಇಷ್ಟು ದಿನವೂ ಹೀಗೇ ಇತ್ತೇನೋ ಯಾರಿಗೆ ಗೊತ್ತು" ಎಂದು ಬರೆದು ಗ್ರೂಪು ಬಿಟ್ಟರು. ಅವರ ಹಿಂದೆ ಒಬ್ಬೊಬ್ಬರೇ ಎದ್ದು ಹೋದರು. ಸೋಮವಾರ ಎಣಿಸಿದರೆ ಇಪ್ಪತ್ತಮೂರು ಮನೆ ಉಳಿದಿದ್ದವು. ನಿಜ ಹೇಳಿದ್ದಕ್ಕೆ ಇದು ಬಹುಮಾನವೇ ಎಂದು ಇವರ ಮೇಲೆ ಹರಿಹಾಯ್ದೆ. ಇವರ ತಪ್ಪೇನೂ ಇರಲಿಲ್ಲ, ಎದುರಿಗೆ ಸಿಕ್ಕಿದ್ದು ಇವರೇ.

ಆ ವಾರದಲ್ಲೇ ಅವ್ವ ಸುಬ್ಬಯ್ಯನ ಮನೆಗೆ ಹೋಗಿ ಅವರ ಕಟ್ಟೆಯ ಮೇಲೆ ಕುಳಿತಳಂತೆ. ಜಗಳ ಆಡಲಿಲ್ಲ. ಚಹಾ ಕುಡಿದು ಒಪ್ಪಂದ ಮಾಡಿಕೊಂಡು ಬಂದಳು. ಹೊಡೆಯುವ ಹಿಂದಿನ ದಿನ ಸುಬ್ಬಯ್ಯ ಫೋನು ಮಾಡಬೇಕು. ನಮ್ಮ ಬದುವಿಗೆ ಹತ್ತಿದ ಸಾಲುಗಳಿಗೆ ಡ್ರೋನು ಬರಕೂಡದು, ಗಾಳಿ ಇಲ್ಲದ ಹೊತ್ತಿನಲ್ಲಿ ಕೈಪಂಪಿನಿಂದಲೇ ಹೊಡೆಯಬೇಕು. ನಾವು ಬದುವಿನುದ್ದ ಸಜ್ಜೆ ಒತ್ತಾಗಿ ಬಿತ್ತಿ ಗೋಡೆ ಎಬ್ಬಿಸಬೇಕು. ಇದೆಲ್ಲ ಮಾತಾದ ಮೇಲೂ ಅವ್ವನಿಗೆ ನಂಬಿಕೆ ಬರಲಿಲ್ಲ. ಡ್ರೋನು ಬಂದ ದಿನ ಕೆಂಪು ಟವೆಲ್ಲು ಹಿಡಿದು ಬದುವಿನ ಮೇಲೆ ನಿಂತು, ಮೇವಿಗೆ ಬಂದ ಎತ್ತನ್ನು ಓಡಿಸುವಂತೆ, "ಏಯ್, ಹೊಳ್ಳು! ಆ ಕಡಿ ಹೋಗು!" ಎಂದು ಆಕಾಶಕ್ಕೆ ಬಯ್ಯುತ್ತಿದ್ದಳು. ಡ್ರೋನು ನಡೆಸುವವನು ದೂರದಿಂದ, "ಯವ್ವಾ, ಅದಕ್ಕ ಕಿವಿ ಇಲ್ಲಬೇ!" ಎಂದು ಕೂಗಿದನಂತೆ. "ನಿನಗ ಅದಾವಲ್ಲ!" ಎಂದಳಂತೆ ಅವ್ವ.

ಹೊಸ ಪಾಲಕ ಬರಲು ತಿಂಗಳಾಯಿತು. ಶನಿವಾರವೇ ನಮ್ಮೊಂದಿಗೆ ರಾಯಚೂರಿಗೆ ಬಂದಿದ್ದ ಅವ್ವ, ಮತ್ತೆ ಶುರುಮಾಡುವ ರವಿವಾರ ಹೊಸ ಸೀರೆ ಉಟ್ಟು ವ್ಯಾನಿನ ಮುಂದಿನ ಸೀಟಿನಲ್ಲಿ ಕುಳಿತುಬಿಟ್ಟಿದ್ದಳು. ನಾನು ಹಿಂದೆ, ಹಸಿರುಪಲ್ಲೆಯ ಚೀಲಗಳ ನಡುವೆ ಮುದುಡಿ ಕುಳಿತೆ. ರಾಯಚೂರಿನ ಮನೆಗಳಲ್ಲಿ ಅವಳು ಕೆಳಗಿಳಿಯಲಿಲ್ಲ. ಶಕ್ತಿನಗರದಲ್ಲಿ ಮೆಟ್ಟಿಲು ಹತ್ತುವಾಗ ಮಾತ್ರ, "ನಾನೂ ಬರ್ತೀನಿ, ಯಾರು ತಿಂತಾರ ನೋಡೂಣು" ಎಂದು ಹಿಂದೆ ಬಂದಳು.

ಎರಡನೆಯ ಮಹಡಿಯ ಮನೆ ನಮ್ಮ ಮೊದಲ ಗಿರಾಕಿಗಳಲ್ಲೊಂದು. ಆ ಅಮ್ಮ ಗ್ರೂಪು ಬಿಟ್ಟಿರಲಿಲ್ಲ, ಆದರೆ ಮನಸ್ಸು ಅರ್ಧ ಬಿಟ್ಟಿತ್ತು. ಬಾಗಿಲು ತೆರೆದು, ಸೊಂಟದಲ್ಲಿ ಮೊಮ್ಮಗುವನ್ನು ಇಟ್ಟುಕೊಂಡು, ಚೀಲದಿಂದ ಪಾಲಕ ಎತ್ತಿ ಮುಂದೆ ಹಿಂದೆ ತಿರುಗಿಸಿದರು.

"ನೋಡಾಕೇನೋ ಛಂದ ಅದ. ಆದ್ರ ಈ ಸಲ ಔಷಧಿ ಬಿದ್ದಿಲ್ಲ ಅಂತ ಹ್ಯಾಂಗ ನಂಬೋದ್ರಿ?"

ಶಿವರಾಜ ಉಸಿರು ಎಳೆದುಕೊಂಡರು. ಜೀವಾಮೃತದಿಂದ ಶುರುವಾಗುವ ಭಾಷಣ ಅದು, ನನಗೆ ಗೊತ್ತು. ನಾನು ಅವರ ಅಂಗಿ ಜಗ್ಗುವಷ್ಟರಲ್ಲಿ ಅವ್ವ ನಮ್ಮಿಬ್ಬರನ್ನೂ ಸರಿಸಿ ಬಾಗಿಲಿಗೆ ಬಂದಿದ್ದಳು.

"ಯವ್ವಾ, ಎಣ್ಣಿ ಹೊಡಿಯೋದು ಏನಂತ ನನ್ನ ಕೇಳು. ಹತ್ತಿಗೆ ಹೊಡದೀನಿ, ಮೆಣಸಿನಗಿಡಕ್ಕ ಹೊಡದೀನಿ, ಭತ್ತಕ್ಕೂ ಹೊಡದೀನಿ. ಹದಿನೆಂಟು ವರ್ಷ ಮಂದಿ ಹೊಲದಾಗ ಹೊಡದೀನಿ." ಅವಳು ಪಾಲಕದ ಒಂದು ಎಲೆ ಹರಿದು, ಉಜ್ಜಿ, ಆಕೆಯ ಮೂಗಿನ ಹತ್ತಿರ ಹಿಡಿದಳು. "ಇದು ನನ್ನ ಹೊಲ. ಇದರಾಗ ಹೊಡದಿಲ್ಲ."

ಆ ಅಮ್ಮ ಮೂಸಿದರು. ಮೊಮ್ಮಗು ಕೈ ಚಾಚಿ ಎಲೆ ಕಿತ್ತುಕೊಂಡು ಬಾಯಿಗೆ ಹಾಕಿತು. ಯಾರೂ ತಡೆಯಲಿಲ್ಲ. "ಬರೋ ವಾರ ಪುಂಡಿಪಲ್ಲೆನೂ ಇರ್ಲಿ" ಎಂದು ಆ ಅಮ್ಮ ಚೀಲ ಒಳಗೆ ಒಯ್ದರು.

ಮೆಟ್ಟಿಲು ಇಳಿಯುವಾಗ ಅವ್ವ ಅರ್ಧದಲ್ಲಿ ನಿಂತು ನನ್ನ ಹೆಗಲ ಮೇಲೆ ಕೈಯೂರಿದಳು. ಮಂಡಿ ನೋವೇನೋ ಎಂದುಕೊಂಡೆ.

"ಬರೋ ಐತಾರನೂ ನಾನ ಬರ್ತೀನಿ" ಎಂದಳು. "ನಿಮಗಿಬ್ಬರಿಗೂ ಮಾರಾಕ ಬರಂಗಿಲ್ಲ."

ಕೆಳಗಿಳಿದವಳೇ ಮುಂದಿನ ಮನೆಯ ಮೆಟ್ಟಿಲು ಹತ್ತತೊಡಗಿದಳು.